ಮಣ್ಣಿಗೆ ಹೋದ ಹಸಿರು ಬಳೆ

ಹೆಣದ ಜೊತೆ ಎಲೆ ಅಡಿಕೆ ಇಡುವುದನ್ನು ಕಂಡರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಕೋಲಾರದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಮನೆಯಲ್ಲಿವೆ. ಅಜ್ಜಿ ಅವುಗಳಲ್ಲಿ ಮೆಂತ್ಯ ಹಾಕಿಟ್ಟಿದ್ದಾಳೆ. "ಹಲ್ಲಿಲ್ಲದ ಹೆಣ ಎಲೆ ಹೇಗೆ ಜಗಿಯುತ್ತೆ?" ಎಂದು ನಾನು ಕೇಳದೆ ಬಿಟ್ಟ ಸಾವು ನಮ್ಮ ವಕ್ಕಲೇರಿಯಲ್ಲಿ ಕಡಿಮೆ.

ಈ ಪೆದ್ದುತನ ನಮ್ಮದೊಂದೇ ಅಲ್ಲವೆಂದು ಗೊತ್ತಾದದ್ದು ಲೈಬ್ರರಿಯಲ್ಲಿ. ಇಂಗ್ಲಿಷರ ಪೂರ್ವಿಕರಾದ ಆಂಗ್ಲೋ-ಸ್ಯಾಕ್ಸನ್ ಜನ ಗಂಡಸಿನ ಪಕ್ಕ ಭರ್ಜಿ, ಹೆಂಗಸಿನ ಕೊರಳಿಗೆ ಮಣಿ ಇಟ್ಟು ಹೂಳುತ್ತಿದ್ದರಂತೆ. ಈಗಿನ ವಿದ್ವಾಂಸರು ಆ ಗುಣಿಗಳನ್ನು ಅಗೆದು ಯಾರ ಅಂತಸ್ತು ಎಷ್ಟಿತ್ತೆಂದು ಹೇಳುತ್ತಾರೆ. ಸರಿ, ಸತ್ತವರಿಗೆ ಉಪಯೋಗಕ್ಕೆ ಬಾರದ ಸಾಮಾನು ಸಾಕ್ಷಿಗಾದರೂ ಬಂತಲ್ಲ ಎಂದುಕೊಂಡೆ.

ಆಮೇಲೆ ಸೋದರತ್ತೆ ಮುನಿಯಮ್ಮ ತೀರಿಕೊಂಡಳು. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು, ತವರಿನಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹೆಚ್ಚುತ್ತ ತಲೆ ನೆರೆಸಿಕೊಂಡವಳು. ಬಳೆಗಾರ ಸಾಬರು ಜಗಲಿಯಲ್ಲಿ ಗಂಟು ಬಿಚ್ಚಿದರೆ ಎಲ್ಲರಿಗೂ ಬಣ್ಣ ಆರಿಸಿಕೊಡುತ್ತಿದ್ದವಳು ಅವಳೇ. ಅವಳದು ಮಾತ್ರ ಬರಿಗೈ.

ಹೆಣ ಎತ್ತುವ ಹೊತ್ತಿಗೆ ಅವಳ ತಾಯಿ, ನಮ್ಮಜ್ಜಿ, ತನ್ನ ಕೈಯ ಹಸಿರು ಬಳೆಗಳನ್ನು ಬಿಚ್ಚತೊಡಗಿದಳು. ಹೆಂಗಸರು ಹೌಹಾರಿದರು. ಗಂಡ ಎದುರಿಗೇ ಕೂತಿರುವಾಗ ಬಳೆ ಬಿಚ್ಚುವುದೇ!

ತಾತನ ತಮ್ಮ ಅಡ್ಡ ಬಂದ. "ಏನ್ ಅತ್ತಿಗೆ ಇದು? ಮುಂಡೆಗೆ ಬಳೆ ತೊಡಿಸಿ ಮಣ್ಣು ಮಾಡ್ತಾರಾ? ಊರು ಉಗಿಯಲ್ವಾ?"

"ಅವತ್ತು ಇವಳ ಬಳೆ ಒಡೆದೋಳು ನಾನೇ ಕಣಪ್ಪಾ. ನೀವೆಲ್ಲ ನಿಂತ್ಕೊಂಡು ನೋಡಿದ್ರಿ. ಇವತ್ತೂ ನೋಡ್ರಿ."

"ಲೇ, ನೀನಾದ್ರೂ ಹೇಳ್ಲಾ, ಓದಿರೋನು!" ಎಂದು ಅವನು ನನ್ನತ್ತ ತಿರುಗಿದ.

ಹೆಣಕ್ಕೆ ಸಾಮಾನು ದಂಡವೆಂದು ಸಾಧಿಸಲು ಇದಕ್ಕಿಂತ ದೊಡ್ಡ ಸಭೆ ನನಗೆ ಸಿಕ್ಕಿರಲಿಲ್ಲ. ನನ್ನ ವಾದವೆಲ್ಲ ಅವನ ಕಡೆಗೇ ಇತ್ತು. ಕಾಲು ಮಾತ್ರ ಅಜ್ಜಿಯ ಪಕ್ಕಕ್ಕೆ ಹೋಗಿ ನಿಂತವು.

ಕೊನೆಗೆ ತಾತ ಕೆಮ್ಮಿದ. "ಬಿಡೋ ಅವಳನ್ನ. ನಾನೇನು ಅವಳ ಬಳೇಲಿ ಉಸಿರಾಡ್ತಾ ಇದ್ದೀನಾ?"

ಸೆಟೆದ ಕೈಗೆ ಅಜ್ಜಿ ಬಳೆ ಏರಿಸಿದಳು. ಕೆಲವು ಒಡೆದವು, ಕೆಲವು ನಿಂತವು.

ಮುಂದೆಂದೋ ಒಬ್ಬ ವಿದ್ವಾಂಸ ನಮ್ಮ ಹೊಲ ಅಗೆದು, ಇವಳು ಮುತ್ತೈದೆ, ಗಂಡನಿದ್ದಾಗಲೇ ಸತ್ತವಳು ಎಂದು ಬರೆದಾನು. ಅಪ್ಪಟ ಸುಳ್ಳು. ಆದರೆ ಆ ಸುಳ್ಳನ್ನು ಅಲ್ಲಿಟ್ಟವಳು ಯಾರು, ಯಾಕೆ ಎಂಬುದು ಅವನ ಗುದ್ದಲಿಗೆ ಸಿಕ್ಕುವುದಿಲ್ಲ.

ಮಣ್ಣು ಮುಗಿಸಿ, ಸ್ನಾನ ಮಾಡಿ ಬಂದು ತಾತ ನೀರು ಕೇಳಿದ. ಅಜ್ಜಿಯ ಬರಿಗೈ ಚೊಂಬು ಎತ್ತಿ ಕೊಟ್ಟಿತು. ಗಟಗಟ ಕುಡಿದು ಬೀಡಿ ಹಚ್ಚಿದ. ಏನೂ ಆಗಲಿಲ್ಲ. ಇಷ್ಟೇ ಎಂದಾದರೆ ಅತ್ತೆಯ ಕೈ ಅಷ್ಟು ವರ್ಷ ಬರಿದಾಗಿದ್ದದ್ದು ಯಾತಕ್ಕೆ? ಯಾವ ವಿಷಯ ಕೊಟ್ಟರೂ ಪರ ವಿರೋಧ ಎರಡೂ ಮಾತಾಡಬಲ್ಲ ನನಗೆ, ಆ ಬರಿಗೈಯ ಪರವಾಗಿ ಇವತ್ತಿಗೂ ಒಂದು ವಾಕ್ಯ ಹೊಳೆದಿಲ್ಲ.