ಓಡದೆ ಆಡಿದ ಆರ್ಮುಗಣ್ಣ

ಆರ್ಮುಗಣ್ಣ ಓಡಿದ್ದನ್ನು ಕಣ್ಣಾರೆ ಕಂಡವರು ಇಡೀ ಜೋಗುಪಾಳ್ಯದಲ್ಲಿ ನಾಲ್ಕೈದು ಜನ ಇದ್ದರೆ ಹೆಚ್ಚು. ಹದಿನಾರು ವರ್ಷ ಒಂದೇ ಫುಟ್‌ಬಾಲ್ ತಂಡದ ಗೋಲಿನ ಮುಂದೆ ಡಿಫೆಂಡರಾಗಿ ನಿಂತವನ ಬಗ್ಗೆ ಹೀಗೆ ಹೇಳುವುದು ವಿಚಿತ್ರವೇ. ಆದರೆ ‘ನಿಂತವನು’ ಎಂಬ ಮಾತನ್ನು ನಾನು ಸುಮ್ಮನೆ ಬಳಸಿಲ್ಲ. ಎರಡು ಕೈ ಸೊಂಟದ ಮೇಲೆ, ಹೊಟ್ಟೆ ತುಸು ಮುಂದೆ, ಕಣ್ಣು ಎಲ್ಲೋ ದೂರ. ಬಸ್ಸಿಗೆ ಕಾಯುವ ಹೆಡ್‌ಮಾಸ್ತರರ ಹಾಗೆ ನಿಂತಿರುತ್ತಿದ್ದ. ತಂಡಕ್ಕೆ ಹೊಸದಾಗಿ ಬಂದವರು ಯಾರಾದರೂ “ಅಣ್ಣಾ, ಸ್ವಲ್ಪ ಓಡ್ಬಾರ್ದಾ?” ಎಂದರೆ ಅವರನ್ನು ಕನಿಕರದಿಂದ ನೋಡುತ್ತಿದ್ದ.

“ಓಡೋನು ಯಾಕ್ ಓಡ್ತಾನೆ ಹೇಳು? ಮೊದ್ಲೇ ತಪ್ಪು ಜಾಗದಲ್ಲಿ ನಿಂತಿರ್ತಾನೆ, ಅದಕ್ಕೆ. ನಾನ್ಯಾಕ್ ಓಡ್ಲಿ ಗುರು?”

ನಮ್ಮದು ಲ್ಯಾಂಟರ್ನ್ ಕ್ಲಬ್, ಸಿ ಡಿವಿಷನ್. ಅದಕ್ಕಿಂತ ಕೆಳಗೆ ಇನ್ನೊಂದು ಡಿವಿಷನ್ ಮಾಡುವ ಮನಸ್ಸು ಯಾರಿಗೂ ಬಾರದ ಕಾರಣ ನಾವು ಎಷ್ಟು ಸೋತರೂ ಅಲ್ಲೇ ಸುರಕ್ಷಿತವಾಗಿದ್ದೆವು. ನಮಗೆ ಹೇಳಿಕೊಳ್ಳಲು ಒಂದೇ ಹೆಮ್ಮೆ ಇತ್ತು, ಅದು ಜೆರ್ಸಿಯ ಇಸ್ತ್ರಿ. ಆರ್ಮುಗಣ್ಣನಿಗೆ ಇಂದಿರಾನಗರದ ಒಂದು ಮರದ ಕೆಳಗೆ ಇಸ್ತ್ರಿ ಗಾಡಿ ಇತ್ತು. ಶನಿವಾರ ಸಂಜೆ ದೊಡ್ಡ ಮನೆಗಳ ಸೀರೆ, ಪ್ಯಾಂಟುಗಳೆಲ್ಲ ಮುಗಿದ ಮೇಲೆ ನಮ್ಮ ಹನ್ನೊಂದು ಜೆರ್ಸಿ, ಹನ್ನೊಂದು ಚಡ್ಡಿಗೆ ಕೆಂಡದ ಪೆಟ್ಟಿಗೆ ಒತ್ತುತ್ತಿದ್ದ. ಭಾನುವಾರ ಬೆಳಿಗ್ಗೆ ನಾವು ಮೈದಾನಕ್ಕೆ ಇಳಿದರೆ ಎದುರಾಳಿಗಳು ಒಂದು ಗಳಿಗೆ ಹೆದರುತ್ತಿದ್ದರು. ಆಮೇಲೆ ಆಟ ಶುರುವಾಗುತ್ತಿತ್ತು.

ಹಾಗಾದರೆ ಓಡದವನು ಹದಿನಾರು ವರ್ಷ ಹೇಗೆ ಆಡಿದ? ಆಫ್‌ಸೈಡಿನಿಂದ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚೆಂಡು ಪಾಸಾಗುವ ಕ್ಷಣದಲ್ಲಿ ಎದುರಾಳಿಯು ನಮ್ಮ ಕೊನೆಯ ಡಿಫೆಂಡರನ್ನೂ ದಾಟಿ ಗೋಲಿನ ಹತ್ತಿರ ನಿಂತಿದ್ದರೆ ಅದು ಆಫ್‌ಸೈಡ್. ಗೆರೆಯ ಪಕ್ಕದ ಲೈನ್ಸ್‌ಮ್ಯಾನ್ ಬಾವುಟ ಎತ್ತುತ್ತಾನೆ, ಗೋಲು ಹೊಡೆದರೂ ದಂಡ. ಆರ್ಮುಗಣ್ಣ ಅದನ್ನೇ ಕಸುಬು ಮಾಡಿಕೊಂಡಿದ್ದ. ಚೆಂಡು ಬರುವ ಹೊತ್ತಿಗೆ ಒಂದು ಹೆಜ್ಜೆ ಮುಂದೆ ಇಟ್ಟು, ಎದುರಾಳಿಯನ್ನು ಬೆನ್ನ ಹಿಂದೆ ಬಿಟ್ಟು, ಬಲಗೈ ಎತ್ತಿ, “ಲೈನ್!” ಎಂದು ಕೂಗುತ್ತಿದ್ದ. ಬಾವುಟ ಏಳುತ್ತಿತ್ತು. ಎದುರಾಳಿ ತಲೆ ಚಚ್ಚಿಕೊಂಡು ವಾಪಸು ಹೋಗುತ್ತಿದ್ದ.

ಆ ಬಾವುಟ ಎತ್ತುತ್ತಿದ್ದವನು ನಾನು.

ನಮ್ಮ ಮಟ್ಟದ ಪಂದ್ಯಗಳಿಗೆ ರೆಫರಿ ಒಬ್ಬರೇ ಬರುತ್ತಿದ್ದರು. ಬಾವುಟದವರನ್ನು ತಂಡಗಳೇ ಒಬ್ಬೊಬ್ಬರಂತೆ ಕೊಡಬೇಕು, ಅವರವರ ಗೋಲಿನ ಕಡೆಗೆ ಅವರವರ ಮನುಷ್ಯ. ಇಂಥ ಏರ್ಪಾಟಿನಿಂದ ಎಂಥ ನ್ಯಾಯ ಹುಟ್ಟುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ನಾನು ಮಂಡಿ ಮುರಿದುಕೊಂಡು ಆಟ ಬಿಟ್ಟಾಗ ನಮ್ಮ ಸೆಕ್ರೆಟರಿ ಮುನಿರಾಜು ಬಾವುಟ ಕೈಗಿಟ್ಟು ನಿಯಮಾವಳಿಯನ್ನು ಒಂದೇ ಉಸಿರಿನಲ್ಲಿ ಕಲಿಸಿದರು: “ಆರ್ಮುಗ ಕೂಗಿದ್ರೆ ಎತ್ತು. ಕೂಗ್ಲಿಲ್ಲ ಅಂದ್ರೆ ಎತ್ಬೇಡ. ಅಷ್ಟೇನಪ್ಪ.” ಆ ಕಡೆ ಗೆರೆಯಲ್ಲಿ ನಿಲ್ಲುತ್ತಿದ್ದವನೂ ನನ್ನಷ್ಟೇ ಪ್ರಾಮಾಣಿಕನಾದ್ದರಿಂದ ಯಾರೂ ಯಾರನ್ನೂ ದೂರುತ್ತಿರಲಿಲ್ಲ. ನಮ್ಮ ಪಂದ್ಯಗಳು ಬಹುಪಾಲು ಸೊನ್ನೆ ಸೊನ್ನೆಯಲ್ಲಿ ಮುಗಿಯುತ್ತಿದ್ದವು.

ಆರ್ಮುಗಣ್ಣ ಮಾತ್ರ ಇದನ್ನು ತನ್ನ ವಿದ್ಯೆ ಎಂದೇ ತಿಳಿದಿದ್ದಾನೆ ಎಂದು ನಾವು ತಿಳಿದಿದ್ದೆವು. ಬಿಂದಿಗೆ ಹಿಡಿದು ನಲ್ಲಿಯ ಹತ್ತಿರ ನಿಂತ ಹೆಂಗಸರಿಗೂ “ಲೈನ್ ಮುಖ್ಯ ಅಕ್ಕಾ, ಲೈನ್ ಇದ್ರೆ ಎಲ್ಲಾ ಇದೆ” ಎಂದು ಪಾಠ ಹೇಳುತ್ತಿದ್ದ. ಗಾಡಿಯ ಮೇಲೆ ಬಟ್ಟೆಯ ಗುಂಡಿಗಳನ್ನು ಸಾಲಾಗಿಟ್ಟು, ಯಾವಾಗ ಹೆಜ್ಜೆ ಇಡಬೇಕೆಂದು ನನಗೆ ತೋರಿಸುತ್ತಿದ್ದ. ನಾನು ತಲೆದೂಗುತ್ತಿದ್ದೆ. ಇಸ್ತ್ರಿಗೆ ಬಂದ ಯಾರದೋ ಸೂಟು ಸುಟ್ಟ ವಾಸನೆ ಬಂದಾಗ ಪಾಠ ಮುಗಿಯುತ್ತಿತ್ತು.

ಒಂದು ಭಾನುವಾರ ವಿಮಾನಪುರದ ಕಡೆಯ ದೊಡ್ಡ ತಂಡವೊಂದರ ಮ್ಯಾನೇಜರ್ ಯಾವುದೋ ಕೆಲಸಕ್ಕೆ ಹಲಸೂರಿಗೆ ಬಂದವರು ನಮ್ಮ ಪಂದ್ಯ ನೋಡಿದರು. ಆ ಇಡೀ ಸೀಸನ್ನಿನಲ್ಲಿ ನಾವು ಬಿಟ್ಟ ಗೋಲು ಎರಡೇ ಎಂದು ಮುನಿರಾಜು ಅವರ ಕಿವಿಗೆ ಹಾಕಿದರು. ಯಾಕೆ ಎರಡೇ ಎಂಬುದನ್ನು ಹಾಕಲಿಲ್ಲ. ಮುಂದಿನ ವಾರ ಪ್ರಾಕ್ಟೀಸ್ ಮ್ಯಾಚಿಗೆ ಬನ್ನಿ, ಸರಿ ಹೋದರೆ ತೆಗೆದುಕೊಳ್ಳುತ್ತೇವೆ ಎಂದು ಆರ್ಮುಗಣ್ಣನಿಗೆ ಕರೆ ಬಂತು. ಆ ತಂಡಕ್ಕೆ ಸೇರಿದವರಿಗೆ ಅಟೆಂಡರ್ ಕೆಲಸವೂ ಸಿಗುತ್ತದೆ ಎಂಬ ಮಾತಿತ್ತು.

ಆ ವಾರ ಗಾಡಿಯ ಹತ್ತಿರ ಹೋದಾಗ ಅವನ ಹೆಂಡತಿ ಮಲ್ಲಿಕಾ ಕೆಂಡಕ್ಕೆ ಗಾಳಿ ಹಾಕುತ್ತಿದ್ದಳು. “ಇವ್ರಿಗೆ ಕೆಮ್ಮು ಬಿಡ್ತಾನೇ ಇಲ್ಲ, ಈ ಹೊಗೆ ತಪ್ಪಿದ್ರೆ ಸಾಕಾಗಿದೆ. ನೀವ್ ಹೇಳಿ, ಆಗುತ್ತಲ್ವಾ?” ಎಂದು ಕೇಳಿದಳು. ನಿಜ ಹೇಳಬೇಕಾಗಿದ್ದ ಹೊತ್ತು ಅದು. “ಆಗ್ದೆ ಏನು, ಗ್ಯಾರಂಟಿ” ಎಂದೆ. ಇವತ್ತಿಗೂ ಆ ಮಾತು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ನನ್ನ ಸ್ಕೂಟರಿನಲ್ಲೇ ಹೋದೆವು. ಅಲ್ಲಿ ಹುಲ್ಲಿತ್ತು, ಬಲೆಗೆ ತೂತಿರಲಿಲ್ಲ, ಗೆರೆಯ ಪಕ್ಕದಲ್ಲಿ ಯಾರಿಗೂ ಸಂಬಂಧವಿಲ್ಲದ ಒಬ್ಬ ಸಣಕಲು ಮನುಷ್ಯ ಬಾವುಟ ಹಿಡಿದು ನಿಂತಿದ್ದ. ಮೊದಲ ಚೆಂಡು ಬಂತು. ಆರ್ಮುಗಣ್ಣ ಹೆಜ್ಜೆ ಮುಂದಿಟ್ಟ, ಕೈ ಎತ್ತಿದ, “ಲೈನ್!” ಎಂದ. ಬಾವುಟ ಏಳಲಿಲ್ಲ. ಚೆಂಡು ಗೋಲಿಗೆ ಹೋಯಿತು. ಆರ್ಮುಗಣ್ಣ ಕೈ ಇಳಿಸದೆ ಲೈನ್ಸ್‌ಮ್ಯಾನ್ ಕಡೆ ತಿರುಗಿದ. ಲೈನ್ಸ್‌ಮ್ಯಾನ್, ಈ ಮನುಷ್ಯ ಯಾಕೆ ನನಗೆ ಟಾಟಾ ಮಾಡುತ್ತಿದ್ದಾನೆ ಎಂಬಂತೆ ನೋಡಿದ. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಮೂರು ಸಲವೂ ಒಂದು ಹೆಜ್ಜೆ ತಡವಾಗಿತ್ತು. ಹದಿನಾಲ್ಕು ವರ್ಷ ತಡವಾಗಿಯೇ ಇತ್ತು, ನಾವು ಯಾರೂ ಹೇಳಿರಲಿಲ್ಲ.

“ಅಣ್ಣಾ, ಓಡಣ್ಣಾ!” ಎಂದು ಗೋಲ್‌ಕೀಪರ್ ಕಿರುಚಿದ. ನಾಲ್ಕನೆಯ ಚೆಂಡಿಗೆ ಆರ್ಮುಗಣ್ಣ ಓಡಿದ. ಅದನ್ನು ಕಂಡವರಲ್ಲಿ ನಾನೂ ಒಬ್ಬ. ಮೈಯೆಲ್ಲ ಕುಣಿಯಿತು, ಅವನನ್ನು ಹಿಂದೆ ಹಾಕಿದ ಎದುರಾಳಿ ತಿರುಗಿ ನೋಡಿ ವೇಗ ಕಡಿಮೆ ಮಾಡಿದ, ಆದರೂ ಸಿಗಲಿಲ್ಲ. ಗೆರೆಯಾಚೆ ಕೂತಿದ್ದವರು ನಕ್ಕರು. ನಮ್ಮ ಮೈದಾನದಲ್ಲಿ ಅದೇ ಓಟಕ್ಕೆ ನಾನೂ ನಗುತ್ತಿದ್ದೆನೇನೋ, ಅಲ್ಲಿ ಆಗಲಿಲ್ಲ. ಅರ್ಧಕ್ಕೆ ಮ್ಯಾನೇಜರ್ ಬಂದು ಬಹಳ ಮರ್ಯಾದೆಯಿಂದ “ಟೀ ಕುಡ್ಕೊಂಡ್ ಹೋಗಿ ಸಾರ್” ಎಂದರು. ಜೆರ್ಸಿಯ ಇಸ್ತ್ರಿ ಮಾತ್ರ ಆಗಲೂ ಕೆಟ್ಟಿರಲಿಲ್ಲ.

ವಾಪಸು ಬರುವಾಗ ದೊಮ್ಮಲೂರಿನಲ್ಲಿ ಕೆಂಪು ದೀಪ ಬಿತ್ತು. ಸಿಗ್ನಲ್ಲಿನಲ್ಲಿ ಹಿಂದಿನಿಂದ ಅವನ ದನಿ ಬಂತು: “ಆ ಲೈನ್ಸ್‌ಮ್ಯಾನ್‌ಗೆ ಕಣ್ ಸರಿಯಿಲ್ಲ ಮಗಾ.”

“ಹೌದಣ್ಣಾ” ಎಂದೆ.

ಮುಂದಿನ ಭಾನುವಾರ ಮತ್ತೆ ನಮ್ಮ ಮೈದಾನ. ಅವನು ಕೂಗಿದ, ನಾನು ಎತ್ತಿದೆ. ಅವತ್ತು ಒಂದು ಗಳಿಗೆ ಹೆಚ್ಚಾಗಿಯೇ ನನ್ನ ಮುಖ ನೋಡಿದ. ಇನ್ನೂ ಎರಡು ವರ್ಷ ಆಡಿ ಬಿಟ್ಟ. ಆಮೇಲೆ ಕ್ಲಬ್ಬೂ ಕರಗಿತು. ಈಗ ಇಂದಿರಾನಗರದ ತಾರಸಿಗಳ ಮೇಲೆ ಪ್ಲಾಸ್ಟಿಕ್ ಹುಲ್ಲು ಹಾಸಿ ಫುಟ್‌ಬಾಲ್ ಆಡಿಸುತ್ತಾರೆ. ಅಲ್ಲಿ ಆಫ್‌ಸೈಡೇ ಇಲ್ಲವಂತೆ. ನಾನು ಕಮ್ಮನಹಳ್ಳಿಗೆ ಮನೆ ಬದಲಿಸಿದೆ.

ಆರ್ಮುಗಣ್ಣ ಕೊನೆಯ ಸಲ ಸಿಕ್ಕಿದ್ದು ಕಳೆದ ವರ್ಷ, ಹಲಸೂರು ಮಾರ್ಕೆಟ್ಟಿನ ಹತ್ತಿರದ ಟೀ ಅಂಗಡಿಯಲ್ಲಿ. ಹೊಟ್ಟೆ ಇಳಿದಿತ್ತು, ಎರಡು ಮಾತಿಗೊಂದು ಕೆಮ್ಮು. ಆ ಕೆಮ್ಮು ಕೇಳುತ್ತಾ ನನಗೆ ತಡೆಯಲಾಗಲಿಲ್ಲ.

“ಅಣ್ಣಾ, ಒಂದ್ ಮಾತು ಹೇಳ್ಬೇಕು. ನಾನ್ ಎತ್ತಿದ ಬಾವುಟದಲ್ಲಿ ಅರ್ಧ ಸುಳ್ಳು.”

“ಅರ್ಧನಾ?” ಎಂದ ಆರ್ಮುಗಣ್ಣ. “ನಾನು ಮುಕ್ಕಾಲು ಅಂದ್ಕೊಂಡಿದ್ದೆ.”

“ಗೊತ್ತಿತ್ತಾ? ಮತ್ತೆ ವಿಮಾನಪುರಕ್ಕೆ ಯಾಕ್ ಬಂದೆ?”

ಅವನು ಗ್ಲಾಸು ಕೆಳಗಿಟ್ಟ. “ಮೊದ್ಲು ಗೊತ್ತಿತ್ತು ಮಗಾ. ಆದ್ರೆ ಕೈ ಎತ್ತಿದಾಗೆಲ್ಲಾ ಬಾವುಟ ಎದ್ರೆ, ಅದು ಸುಳ್ಳು ಅಂತ ಎಷ್ಟು ವರ್ಷ ನೆನಪಿರುತ್ತೆ? ಒಂದಿನ ನಿಜ ಇರ್ಬೋದು ಅನ್ಸುತ್ತೆ.”

ನಾನು ಕ್ಷಮಿಸು ಎಂದೆ. ಅವನು ಕೈ ಬೀಸಿ ಅದನ್ನು ತಳ್ಳಿಹಾಕಿದ. ಆಮೇಲೆ ತೀರಾ ಸಣ್ಣ ದನಿಯಲ್ಲಿ ಕೇಳಿದ: “ಆದ್ರೆ ಶಿವಾಜಿನಗರದವ್ರ ಮೇಲೆ ಆಡಿದ್ವಲ್ಲ, ಕೊನೇ ನಿಮಿಷ, ಆ ಉದ್ದ ಕೂದ್ಲಿನವ್ನು ಗೋಲ್ ಹೊಡ್ದ, ನೀನ್ ಎತ್ತಿದೆ. ಅದೊಂದು ಸರಿ ಇತ್ತಲ್ವಾ? ಹೆಜ್ಜೆ ಇಟ್ಟಾಗ್ಲೇ ನಂಗ್ ಗೊತ್ತಾಯ್ತು.”

“ಅದು ನಿಜ ಅಣ್ಣಾ. ಎರಡು ಗಜ ಮುಂದಿದ್ದ ಅವ್ನು.”

“ಎರಡಾ?”

“ಎರಡೂವರೆ.”

ಆರ್ಮುಗಣ್ಣನ ಮುಖ ಅರಳಿತು. ಟೀ ಸೋಸುತ್ತಿದ್ದವನ ಕಡೆ ತಿರುಗಿ “ಕೇಳುದ್ಯಾ? ಎರಡೂವರೆ ಗಜ!” ಎಂದ. ಏನು ಎತ್ತ ಎಂದು ತಿಳಿಯದೆ ಅವನೂ ತಲೆಯಾಡಿಸಿದ. ಎರಡು ತಿಂಗಳಾದ ಮೇಲೆ ಮಲ್ಲಿಕಾ ಫೋನ್ ಮಾಡಿದಳು. ಹೋಗಿ ಮಣ್ಣು ಹಾಕಿ ಬಂದೆ.

ಆ ಶಿವಾಜಿನಗರದ ಪಂದ್ಯ ನನಗೂ ಚೆನ್ನಾಗಿ ನೆನಪಿದೆ. ಕೊನೆಯ ನಿಮಿಷದಲ್ಲಿ ನಾನು ಮೈದಾನಕ್ಕೆ ಬೆನ್ನು ಹಾಕಿ, ಬೋಂಡಾ ಮಾರುವವನ ಹತ್ತಿರ ಇನ್ನಷ್ಟು ಚಟ್ನಿ ಕೇಳುತ್ತಿದ್ದೆ. ಹಿಂದಿನಿಂದ ಕೂಗು ಕೇಳಿಸಿತು, ಬಾವುಟ ಎತ್ತಿದೆ.