ಗರಗಸ ಮೇಡಂ ಪ್ರವಾಸ ಹೋದದ್ದು

ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಆಕೆಗೆ ವಿದ್ಯಾರ್ಥಿಗಳು ಇಟ್ಟಿದ್ದ ಹೆಸರು ಗರಗಸ. ಹೆಸರು ಆಕೆಯ ಕಿವಿಗೂ ಬಿದ್ದಿತ್ತು, ಬೇಸರವೇನೂ ಆಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿಂದಿನ ಬೆಂಚಿನ ಹುಡುಗರು ಬೆಕ್ಕಿನಂತೆ ಕೂಗುತ್ತಿದ್ದರು. ಬೋರ್ಡಿನ ಕಡೆ ತಿರುಗಿದರೆ ಸಾಕು, ಬೆನ್ನಿಗೆ ಕಾಗದದ ಉಂಡೆ ಬಂದು ಬಡಿಯುತ್ತಿತ್ತು. ಆಕೆ ಸ್ಟಾಫ್ ರೂಮಿನ ಬೀರುವಿನ ಹಿಂದೆ ನಿಂತು ಅತ್ತದ್ದೂ ಉಂಟು. ಒಂದು ದಿನ, ಬೆಕ್ಕಿನಂತೆ ಕೂಗುವವರ ಪೈಕಿ ಮುಖ್ಯನಾದವನನ್ನು ಎಬ್ಬಿಸಿ, "ಪಾಪ, ನಿಮ್ಮನೇಲಿ ಯಾರೂ ನಿನ್ನ ಮಾತಾಡ್ಸಲ್ಲ ಅಂತ ಕಾಣುತ್ತೆ, ಅದಕ್ಕೇ ಮನುಷ್ಯರ ಭಾಷೆ ಬರ್ತಿಲ್ಲ" ಅಂದರು. ಆ ಹುಡುಗನ ತಾಯಿ ತೀರಿಕೊಂಡು ಸ್ವಲ್ಪ ದಿನವಾಗಿತ್ತು. ಹುಡುಗ ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ಆಕೆಗೆ ಅಯ್ಯೋ ಅನ್ನಿಸಿದ್ದು ನಿಜ. ಆದರೆ ಮಾರನೆಯ ದಿನದಿಂದ ಕಾಗದದ ಉಂಡೆ ಬರಲಿಲ್ಲ. ಅಲ್ಲಿಂದ ಆಕೆ ನಾಲಿಗೆಯನ್ನು ಸಾಣೆ ಹಿಡಿಯುತ್ತಲೇ ಬಂದರು.

ಮಗಳು ಇನ್ನೂ ಅಂಬೆಗಾಲಿಡುವಾಗಲೇ ಗಂಡ ಬೇರೆ ಮನೆ ಮಾಡಿಕೊಂಡಿದ್ದ. ಮಗಳನ್ನು ಆಕೆ ಒಬ್ಬರೇ ಬೆಳೆಸಿದರು. ಹುಡುಗಿ ಮೆತ್ತಗಿನ ಸ್ವಭಾವದವಳು. ಯಾರಾದರೂ ಗದರಿದರೆ ತಿರುಗಿ ಮಾತಾಡುವುದಿರಲಿ, ಗದರಿದವರ ಗಂಟಲು ಎಲ್ಲಿ ನೋಯುತ್ತದೋ ಎಂದು ನೋಡುವಂಥವಳು. "ಈ ಹುಡುಗೀನ ಪ್ರಪಂಚ ಹುರಿದು ಮುಕ್ಕುತ್ತೆ" ಎಂದು ತಾಯಿಗೆ ಯಾವಾಗಲೂ ಭಯ. ಭಯವನ್ನು ಆಕೆ ತೋರಿಸುತ್ತಿದ್ದದ್ದು ಬೈಗುಳದಲ್ಲಿ. ಮಗಳು ಅದೇ ಕಾಲೇಜಿಗೆ ಸೇರಿದ ಮೇಲಂತೂ, ತನ್ನ ಮಗಳೆಂದು ಸಲಿಗೆ ಕೊಟ್ಟಳು ಎಂಬ ಮಾತು ಬರಬಾರದೆಂದು, ಉಳಿದವರಿಗೆ ಮಾತಿನ ಒಂದು ಏಟು ಬಿದ್ದರೆ ಇವಳಿಗೆ ಎರಡು ಬೀಳುವಂತೆ ನೋಡಿಕೊಂಡರು.

ಆ ವರ್ಷ ಕಾಲೇಜಿನಿಂದ ಯುರೋಪಿನ ಹಳೆಯ ನಗರಗಳಿಗೆ ವಿದ್ಯಾರ್ಥಿಗಳ ಪ್ರವಾಸ ಹೊರಟಿತು. ಮೂರು ಊರು, ಅಲ್ಲಿನ ಚಿತ್ರಶಾಲೆ, ಇಗರ್ಜಿ, ಕೋಟೆ. ಮುಂದಾಳು ಗರಗಸ ಮೇಡಂ. ಜೊತೆಗೆ ಡ್ರಾಯಿಂಗ್ ಮೇಷ್ಟ್ರು. ಅವರು ನರೆತ ತಲೆಯ, ತೆಳ್ಳಗಿನ ಮನುಷ್ಯ. ಜೇಬಿನಲ್ಲಿ ಯಾವಾಗಲೂ ಪೆಪ್ಪರ್‌ಮಿಂಟ್ ಇಟ್ಟುಕೊಂಡು, ಬಸ್ಸಿನಲ್ಲಿ ವಾಂತಿ ಬರುವವರಿಗೆ ಹಂಚುವವರು. ಅವರ ಮಾತನ್ನು ಯಾರೂ ಕೇಳುತ್ತಿರಲಿಲ್ಲ, ಅವರನ್ನು ಕಂಡರೆ ಯಾರಿಗೂ ಭಯವೂ ಇರಲಿಲ್ಲ.

ಮೊದಲ ಊರಿನ ಚಿತ್ರಶಾಲೆಯಲ್ಲಿ ಗೋಡೆಯಗಲದ ಒಂದು ಚಿತ್ರವಿತ್ತು. ಹಳೆಯ ಕಾಲದ ವ್ಯಾಪಾರಿಯೊಬ್ಬ ಹೆಂಡತಿ ಮಕ್ಕಳೊಂದಿಗೆ ಠೀವಿಯಿಂದ ಕೂತಿದ್ದ. ಮೇಡಂ ಆ ಕಾಲದ ವ್ಯಾಪಾರ, ಹಡಗು, ಶ್ರೀಮಂತಿಕೆಯ ಬಗ್ಗೆ ಹೇಳಿ ಮುಗಿಸಿ, ಮಗಳ ಕಡೆ ಬೆರಳು ತೋರಿಸಿದರು.

"ನೀನು ಹೇಳು. ಈ ಚಿತ್ರದಲ್ಲಿ ಏನು ಕಾಣುತ್ತೆ?"

ಮಗಳು ಅಷ್ಟು ಹೊತ್ತೂ ಚಿತ್ರದ ಮೂಲೆಯನ್ನೇ ನೋಡುತ್ತಿದ್ದಳು. ಅಲ್ಲಿ ಹಣ್ಣಿನ ದೊಡ್ಡ ತಟ್ಟೆ ಹಿಡಿದು ನಿಂತ ಕೆಲಸದ ಹೆಂಗಸಿನ ಅರ್ಧ ದೇಹ ಮಾತ್ರ ಇತ್ತು; ಉಳಿದರ್ಧವನ್ನು ಚೌಕಟ್ಟು ನುಂಗಿತ್ತು.

"ಆ ಮೂಲೇಲಿ ನಿಂತಿದಾಳಲ್ಲ, ಅವಳು... ಅವಳಿಗೆ ಕೈ ನೋಯ್ತಿದೆ ಅನ್ಸುತ್ತೆ, ಮೇಡಂ. ತುಂಬಾ ಹೊತ್ತಿಂದ ಹಿಡ್ಕೊಂಡಿದಾಳೆ."

ಡ್ರಾಯಿಂಗ್ ಮೇಷ್ಟ್ರು ಹುಬ್ಬೇರಿಸಿ ಚಿತ್ರದ ಹತ್ತಿರ ಹೋದರು. ಆದರೆ ಮೇಡಂ ಆಗಲೇ ಬಾಯಿ ತೆರೆದಾಗಿತ್ತು.

"ನೋಡ್ರಪ್ಪ, ನಾವೆಲ್ಲ ಇಷ್ಟು ದೂರ ಇತಿಹಾಸ ನೋಡೋಕೆ ಬಂದ್ವಿ. ಇವಳು ಕೈನೋವಿಗೆ ಮುಲಾಮು ಹಚ್ಚೋಕೆ ಬಂದಿದಾಳೆ."

ಎಲ್ಲರೂ ಗೊಳ್ಳೆಂದು ನಕ್ಕರು. ಎದುರಿನ ಕೋಣೆಯಲ್ಲಿದ್ದ ಕಾವಲುಗಾರ ಬಾಗಿಲಲ್ಲಿ ಇಣುಕಿ ನೋಡಿದ. ಮಗಳ ಕಿವಿ ಕೆಂಪಾಯಿತು. ಮೇಡಂ ಮುಂದಿನ ಚಿತ್ರಕ್ಕೆ ಹೋದರು.

ಅಂದಿನಿಂದ ಹುಡುಗಿಯ ಹೆಸರು ಮುಲಾಮು. ತಾಯಿಯೇ ಬಾಗಿಲು ತೆಗೆದುಕೊಟ್ಟ ಮೇಲೆ ಉಳಿದವರಿಗೆ ಯಾವ ಅಡ್ಡಿ? "ಮುಲಾಮು, ಕಾಲು ನೋಯ್ತಿದೆ, ಸ್ವಲ್ಪ ಬಾಮ್ಮಾ" ಎಂದು ಬಸ್ಸಿನಲ್ಲಿ ಕಾಲು ಚಾಚುವವರು, "ಈ ಬೊಂಬೆಗೆ ಮೂಗೇ ಇಲ್ಲ, ಮುಲಾಮು ಎಲ್ಲೇ?" ಎಂದು ಮೂಗು ಮುರಿದ ಅಮೃತಶಿಲೆಯ ವಿಗ್ರಹದ ಮುಂದೆ ಕೂಗುವವರು. ಎಲ್ಲರಿಗಿಂತ ಮುಂದಿದ್ದವಳು ಮಿನಿಸ್ಟರ್ ಎಂಬ ಅಡ್ಡಹೆಸರಿನ ಎತ್ತರದ ಹುಡುಗಿ. ಹೋಟೆಲಿನಲ್ಲಿ ಮಗಳಿಗೆ ಪಾಲಾಗಿದ್ದ ಮಂಚದ ಮೇಲೆ ಆ ಗುಂಪು ತಮ್ಮ ಪೆಟ್ಟಿಗೆಗಳನ್ನು ಒಟ್ಟಿ ಮಲಗಿಬಿಟ್ಟಿತು. ಹುಡುಗಿ ದಿಂಬು ಹಿಡಿದು ತಾಯಿಯ ಕೋಣೆಯ ಬಾಗಿಲು ತಟ್ಟಿದಳು.

"ಇವತ್ತೊಂದಿನ ಇಲ್ಲೇ ಮಲಗ್ಲಾ ಅಮ್ಮ?"

"ಬೇಡ. ನಾಳೆ ಅವರು ಇನ್ನೂ ನಗ್ತಾರೆ. ಹೋಗಿ ನಿನ್ನ ಜಾಗ ನೀನು ಕೇಳಿ ತಗೋ."

ಮಗಳು ಜಾಗ ಕೇಳಲಿಲ್ಲ. ಕುರ್ಚಿಯ ಮೇಲೆ ಮುದುಡಿಕೊಂಡು ಬೆಳಗು ಮಾಡಿದಳು. ಅದು ತಾಯಿಗೆ ಗೊತ್ತಾಯಿತು. ಗೊತ್ತಾದಾಗ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಎರಡನೆಯ ಊರಿನಲ್ಲಿ ಗುಡ್ಡದ ಮೇಲೊಂದು ದೊಡ್ಡ ಇಗರ್ಜಿ. ಒಳಗೆ ಬಣ್ಣದ ಗಾಜಿನ ಕಿಟಕಿಗಳು, ನೆಲದಡಿ ಸತ್ತ ದೊರೆಗಳು. ಎದುರಿಗೊಂದು ಚೌಕ, ಹಿಂದೆ ಇನ್ನೊಂದು. ಬಸ್ಸು ಬಂದು ನಿಲ್ಲುವುದು ಎದುರಿನ ಚೌಕಕ್ಕೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸಲು ಬಿಡುತ್ತಿರಲಿಲ್ಲವಾದ್ದರಿಂದ ಮೇಡಂ ಬೆಳಗ್ಗೆಯೇ ಕಟ್ಟುನಿಟ್ಟಾಗಿ ಹೇಳಿದ್ದರು: ಹೇಳಿದ ಹೊತ್ತಿಗೆ ಬಾರದವರನ್ನು ಬಿಟ್ಟೇ ಹೊರಡುವುದು, ಅವರು ಯಾರ ಮಕ್ಕಳೇ ಆಗಿರಲಿ. ವಿದ್ಯಾರ್ಥಿಗಳ ಫೋನುಗಳೋ, ಹೋಟೆಲಿನ ಹೊರಗೆ ಕಾಲಿಟ್ಟರೆ ಸತ್ತಂತೆ. ಹೊರಗೆ ಮಾತಾಡಲು ಆಗುತ್ತಿದ್ದದ್ದು ಮೇಷ್ಟ್ರು, ಮೇಡಂ ಇಬ್ಬರ ಫೋನಿನಲ್ಲಿ ಮಾತ್ರ.

ಮಧ್ಯಾಹ್ನ ಎಲ್ಲರೂ ಬಸ್ಸು ಹತ್ತಿದರು. ತಲೆ ಎಣಿಸಿದಾಗ ಒಂದು ಕಡಿಮೆ. ಕಡಿಮೆಯಾದದ್ದು ಯಾರೆಂದು ಮೇಡಂಗೆ ತಿರುಗಿ ನೋಡದೆಯೇ ತಿಳಿಯಿತು. ಹಿಂದಿನ ಸೀಟಿನಲ್ಲಿ ಕಿಸಕ್ಕೆಂದ ಸದ್ದು. ಯಾರೋ ಪಿಸುಗುಟ್ಟಿದರು: "ಹಿಂದಿನ ಚೌಕದಲ್ಲಿ ಕಾಯ್ತಿರ್ತಾಳೆ ಪಾಪ, ನೀನು ಹೇಳಿದ್ದನ್ನೇ ನಂಬ್ಕೊಂಡು." ಮಿನಿಸ್ಟರ್ ಅವಳ ತೊಡೆಗೆ ಚಿವುಟಿ ಸುಮ್ಮನಿರಿಸಿದಳು.

ಆ ಪಿಸುಮಾತು ಮೇಡಂ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು. ಹಿಂದಿನ ಚೌಕ ಎಂದರೆ ಇಗರ್ಜಿಯನ್ನು ಒಂದು ಸುತ್ತು ಹಾಕಿದರೆ ಸಿಗುವ ಜಾಗ. ಅವರು ಒಂದು ಮಾತು ಹೇಳಬೇಕಿತ್ತು, ಅಷ್ಟೆ. ಆದರೆ ಬಸ್ಸಿನ ತುಂಬ ಕಣ್ಣುಗಳು ಅವರ ಮುಖದ ಮೇಲೆಯೇ ಇದ್ದವು. ಮಗಳಾದ್ದರಿಂದ ಕಾದರು ಎಂಬ ಮಾತು ಊರು ತಲುಪುವ ಮೊದಲೇ ಹುಟ್ಟುತ್ತಿತ್ತು. ಅದಕ್ಕಿಂತಲೂ, ಯಾರು ಏನು ಹೇಳಿದರೂ ನಂಬಿ ನಿಲ್ಲುವ ಆ ಹುಡುಗಿಯ ಮುಖ ನೆನಪಾಗಿ ಅವರಿಗೆ ಮೈ ಉರಿಯಿತು.

"ಮೇಡಂ, ನಾನೊಂದು ಸಲ ನೋಡ್ಕೊಂಡು ಬರ್ತೀನಿ" ಎಂದು ಡ್ರಾಯಿಂಗ್ ಮೇಷ್ಟ್ರು ಎದ್ದರು.

"ಕೂತ್ಕೊಳ್ಳಿ ಮೇಷ್ಟ್ರೇ. ಹೇಳಿದ್ದು ಎಲ್ಲರಿಗೂ ಹೇಳಿದ್ದು."

"ಗುರುತಿಲ್ಲದ ಊರು. ಭಾಷೆ ಬರಲ್ಲ. ಹೆಣ್ಣುಮಗು."

"ನನ್ನ ಮಗಳ ಬಗ್ಗೆ ನನಗಿಲ್ಲದ ಚಿಂತೆ ನಿಮಗ್ಯಾಕೆ? ಒಂದು ಪೆಟ್ಟು ಬಿದ್ದರೇ ಬುದ್ಧಿ ಬರೋದು." ಎಂದವರೇ ಡ್ರೈವರನಿಗೆ ಕೈ ಸನ್ನೆ ಮಾಡಿದರು.

ಡ್ರೈವರ್ ಕನ್ನಡಿಯಲ್ಲಿ ಅವರನ್ನೇ ನೋಡಿ, ಭುಜ ಕುಣಿಸಿ, ಬಾಗಿಲು ಮುಚ್ಚಲು ಗುಂಡಿ ಒತ್ತಿದ. ಮುಚ್ಚುತ್ತಿದ್ದ ಬಾಗಿಲಿಗೆ ಮೇಷ್ಟ್ರು ಭುಜ ಅಡ್ಡ ಕೊಟ್ಟು ಹೊರಗೆ ಜಿಗಿದುಬಿಟ್ಟರು. ಅವರ ಚೀಲ ಸೀಟಿನ ಮೇಲೆಯೇ ಉಳಿಯಿತು. ಬಸ್ಸು ಇಳಿಜಾರಿನಲ್ಲಿ ಇಳಿಯುತ್ತಿದ್ದಾಗ, ತುಂತುರು ಮಳೆಯಲ್ಲಿ ಕಲ್ಲುಹಾಸಿನ ಮೇಲೆ ಎಡವುತ್ತ ಓಡುತ್ತಿದ್ದ ಮುದುಕ ಕಾಣಿಸಿದರು. ಹಿಂದಿನ ಸೀಟಿನವರು ಆಗಲೂ ನಕ್ಕರು.

ಸಂಜೆ ಮೂರನೆಯ ಊರಿನ ಹೋಟೆಲಿನಲ್ಲಿ ಮೇಡಂ ಎಲ್ಲರ ನಡುವೆ ಕೂತು ತಟ್ಟೆಯಲ್ಲಿದ್ದುದನ್ನೆಲ್ಲ ತಿಂದರು. ಏನು ತಿಂದರೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಫೋನು ಬಂದಾಗ ಮೊದಲ ಗಂಟೆಗೇ ಎತ್ತಿದರು.

"ಸಿಕ್ಕಿದಳು ಮೇಡಂ" ಅಂದರು ಮೇಷ್ಟ್ರು. "ಹಿಂದಿನ ಬಾಗಿಲ ಹತ್ರಾನೇ ನಿಂತಿದ್ಲು. ಪೂರ್ತಿ ನೆನೆದುಬಿಟ್ಟಿದಾಳೆ. ಇವತ್ತಿನ ರೈಲು ತಪ್ಪಿಹೋಯ್ತು. ಇಗರ್ಜಿಯವರು ತಮ್ಮ ಅತಿಥಿಗೃಹದಲ್ಲಿ ಇಬ್ಬರಿಗೂ ಬೇರೆ ಬೇರೆ ಕೋಣೆ ಕೊಟ್ಟಿದಾರೆ. ನಾಳೆ ಬರ್ತೀವಿ. ಮಾತಾಡ್ತೀರಾ, ಕೊಡ್ಲಾ?"

"ಬೇಡ, ಮಲಗ್ಲಿ" ಎಂದು ಆಕೆ ಫೋನು ಇಟ್ಟರು. ಕೋಣೆಗೆ ಹೋಗಿ ಬಚ್ಚಲ ನಲ್ಲಿ ತಿರುಗಿಸಿ, ಅದರ ಸದ್ದಿನ ಮರೆಯಲ್ಲಿ ಅಳೋಣವೆಂದು ಕೂತರು. ಅಭ್ಯಾಸ ತಪ್ಪಿಹೋಗಿತ್ತು. ಅಳು ಬರಲಿಲ್ಲ.

ಮಾರನೆಯ ದಿನ ಗುಂಪು ಊರಿನ ಶಿಲ್ಪಶಾಲೆಯಲ್ಲಿದ್ದಾಗ ಇಬ್ಬರೂ ನೇರ ಅಲ್ಲಿಗೇ ಬಂದರು. ಮೇಷ್ಟ್ರ ಪ್ಯಾಂಟು ಮಂಡಿಯ ಹತ್ತಿರ ಹರಿದಿತ್ತು, ಕುಂಟುತ್ತಿದ್ದರು. ಮಗಳು ತಾಯಿಯ ಎದುರು ಬಂದು ನಿಂತಳು. ಅವಳ ಕಣ್ಣು ಊದಿಕೊಂಡಿತ್ತು.

"ಬಸ್ಸು ಹಿಂದಿನ ಚೌಕಕ್ಕೆ ಬರುತ್ತೆ ಅಂತ ಅವರೇ ಹೇಳಿದ್ರು. ನಿನಗೆ ಗೊತ್ತಿತ್ತಾ?"

ಎಷ್ಟೋ ಜನರ ಬಾಯಿ ಮುಚ್ಚಿಸಿದ್ದ ತಾಯಿಗೆ ಸುಳ್ಳು ಹೇಳಲು ಒಂದು ಗಳಿಗೆ ತಡವಾಯಿತು. ಆ ತಡದಲ್ಲಿ ಮಗಳಿಗೆ ಉತ್ತರ ಸಿಕ್ಕಿತು.

"ಯಾರು ಏನು ಹೇಳಿದ್ರೂ ನಂಬೋಳು ನೀನು. ತಪ್ಪು ನಿಂದೇ" ಅಂದರು ತಾಯಿ.

ಹುಡುಗಿ ತಲೆಯಾಡಿಸಿ ಗುಂಪಿನ ಕಡೆ ನಡೆದಳು. ಶಿಲ್ಪಗಳ ನಡುವೆ ಕಲ್ಲಿನ ಬೆಂಚಿನ ಮೇಲೆ ಅವರೆಲ್ಲ ಕೂತಿದ್ದರು.

"ಬಂದ್ಲಪ್ಪ ಮುಲಾಮು" ಅಂದಳು ಮಿನಿಸ್ಟರ್. "ಏನೇ, ಮೇಷ್ಟ್ರ ಕಾಲಿಗೆ ಹಚ್ಚಿದ್ಯೇನೇ?"

ಎಲ್ಲರೂ ನಗಲು ಬಾಯಿ ಸಿದ್ಧ ಮಾಡಿಕೊಂಡರು. ಹುಡುಗಿ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಒಂದು ಭುಜ ಇಳಿಬಿಟ್ಟು, ಮಂಡಿ ಸೊಟ್ಟ ಮಾಡಿ, ಕುಂಟುತ್ತ ಎರಡು ಹೆಜ್ಜೆ ಹಾಕಿದಳು. ದನಿಯನ್ನು ಮುದುಕರಂತೆ ನಡುಗಿಸಿ, "ಮಗೂ, ಸಿಕ್ಕಿದ್ಯಾ ಮಗೂ, ಪೆಪ್ಪರ್‌ಮಿಂಟ್ ತಿಂತೀಯಾ ಮಗೂ" ಅಂದಳು. "ನನ್ನ ನೋಡಿ ಅತ್ತೇಬಿಟ್ರು ಕಣ್ರೇ. ಮೂಗಿಂದ ಸುರೀತಿತ್ತು. ಒರೆಸ್ಕೊಳ್ಳೋಕೆ ಕರ್ಚೀಫೂ ಇಲ್ಲ. ಕೊನೆಗೆ ನಾನೇ ಅವರನ್ನ ಸಮಾಧಾನ ಮಾಡ್ಬೇಕಾಯ್ತು."

ನಗು ಕಲ್ಲಿನ ಗೋಡೆಗಳಿಗೆ ಬಡಿದು ಮೊಳಗಿತು. ಮಿನಿಸ್ಟರ್ ಹೊಟ್ಟೆ ಹಿಡಿದುಕೊಂಡು, "ಇನ್ನೊಂದ್ಸಲ ಮಾಡೇ" ಎಂದು ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು. ಹುಡುಗಿ ಇನ್ನೊಂದು ಸಲ ಮಾಡಿದಳು, ಈ ಸಲ ಇನ್ನೂ ಚೆನ್ನಾಗಿ.

ಮೇಷ್ಟ್ರು ತಲೆಯಿಲ್ಲದ ಒಂದು ವಿಗ್ರಹದ ಪಕ್ಕದಲ್ಲೇ ನಿಂತಿದ್ದರು. ಹುಡುಗಿಗೆಂದು ಬಿಸಿ ಚಹಾ ತಂದಿದ್ದರು. ಕಾಗದದ ಲೋಟ ಕೈಯಲ್ಲಿತ್ತು. ಮೇಡಂ ತಮ್ಮನ್ನು ನೋಡುತ್ತಿರುವುದು ಕಂಡು ಅವರು ನಗಲು ನೋಡಿದರು.

"ಚೆನ್ನಾಗಿ ಮಾಡ್ತಾಳೆ" ಅಂದರು. "ನೋಡೋ ಕಣ್ಣಿದೆ ಅವಳಿಗೆ." ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ, ಹಿಡಿದುಕೊಂಡೇ ಹೊರಗೆ ಹೋದರು.

ಮಗಳನ್ನು ಕರೆದು ಗದರಬೇಕೆಂದು ಮೇಡಂಗೆ ಅನ್ನಿಸಿತು. ಆದರೆ ಕರೆಯಲಿಲ್ಲ. ಆ ಹುಡುಗಿ ಎಲ್ಲರ ನಡುವೆ ಕೂತು, ಯಾರದೋ ಬಿಸ್ಕತ್ತಿನ ಪೊಟ್ಟಣಕ್ಕೆ ಕೈ ಹಾಕಿ ತಿನ್ನುತ್ತಿದ್ದಳು. ಇಷ್ಟು ವರ್ಷ ಎದೆಯ ಮೇಲಿದ್ದ ಭಾರ ಇಳಿದಂತೆ ತಾಯಿಗೆ ಹಾಯೆನ್ನಿಸಿತು. ಹಾಯೆನ್ನಿಸಿದ್ದಕ್ಕೇ ಭಯವೂ ಆಯಿತು.

ವಾಪಸು ಬಂದ ಮೇಲೆ ಪ್ರಿನ್ಸಿಪಾಲರು ನಡೆದದ್ದೇನೆಂದು ಕೇಳಿದರು. ಮೇಷ್ಟ್ರು ಮುಂದಾಳಿನ ಮಾತು ಮೀರಿ ಗುಂಪು ಬಿಟ್ಟು ಹೋದರು ಎಂದರು ಮೇಡಂ. ಅದು ನಿಜವೂ ಆಗಿತ್ತು. ಪ್ರಿನ್ಸಿಪಾಲರು ಹುಡುಗಿಯನ್ನು ಕೇಳಿದಾಗ ಅವಳು, "ನಾನು ಹೇಗಾದ್ರೂ ಬರ್ತಿದ್ದೆ ಸಾರ್. ಅವರು ಸುಮ್ಮನೆ ಗಾಬರಿ ಮಾಡ್ಕೊಂಡ್ರು" ಅಂದಳು. ಹುಡುಗರು ಕಾರಿಡಾರಿನಲ್ಲಿ ಮೇಷ್ಟ್ರ ಹಿಂದೆ ಕುಂಟಲು ಶುರುಮಾಡಿದರು. ಕಾಲಿನ ಗಾಯ ಮಾಯ್ದು ಅವರು ನೆಟ್ಟಗೆ ನಡೆಯುವಂತಾದ ಮೇಲೂ ಅದು ನಿಲ್ಲಲಿಲ್ಲ. ವರ್ಷ ಮುಗಿಯುವ ಮೊದಲೇ ಅವರು ಕೆಲಸ ಬಿಟ್ಟರು.

ಆಮೇಲೊಂದು ಸಲ ತರಕಾರಿ ಅಂಗಡಿಯ ಮುಂದೆ ಅವರು ಮೇಡಂಗೆ ಎದುರಾದರು. ಇನ್ನೂ ತೆಳ್ಳಗಾಗಿದ್ದರು.

"ಮಗಳು ಹೇಗಿದಾಳೆ ಮೇಡಂ?"

"ಚೆನ್ನಾಗಿದಾಳೆ. ಈಗ ಅವಳ ತಂಟೆಗೆ ಯಾರೂ ಹೋಗಲ್ಲ."

"ಒಳ್ಳೇದಾಯ್ತು" ಎಂದು ಅವರು ಬದನೆಕಾಯಿ ಆರಿಸತೊಡಗಿದರು. ಮತ್ತೆ ತಲೆಯೆತ್ತಲಿಲ್ಲ.

ಮೇಡಂ ಮನೆಯ ಬಾಗಿಲಿಗೆ ಬಂದಾಗ ಒಳಗೆ ಮಿನಿಸ್ಟರ್ ಮತ್ತು ಸಂಗಡಿಗರ ದನಿ ಕೇಳಿತು. ಮಗಳು ಯಾರನ್ನೋ ಅಣಕಿಸುತ್ತಿದ್ದಳು. ಮೊದಲಿಗೆ ಯಾರನ್ನೆಂದು ತಿಳಿಯಲಿಲ್ಲ. ಅದೊಂದು ವಯಸ್ಸಾದ ಹೆಂಗಸಿನ ದನಿ: ಬಚ್ಚಲಲ್ಲಿ ಕೂತು ತನ್ನಷ್ಟಕ್ಕೆ ತಾನೇ ಜಗಳವಾಡುವುದು, ಬಿಟ್ಟುಹೋದ ಗಂಡನಿಗೆ ಪಾಠ ಮಾಡುವ ದನಿಯಲ್ಲಿ ಬೈಯುವುದು, ನಡುವೆ ಮೂಗು ಎಳೆಯುವುದು. ತಾವು ಬಚ್ಚಲಲ್ಲಿ ಹಾಗೆ ಮಾತಾಡುವುದು ಹೊರಗೆ ಕೇಳಿಸುತ್ತದೆಂದು ಮೇಡಂಗೆ ಇಷ್ಟು ದಿನ ಗೊತ್ತಿರಲಿಲ್ಲ. ಒಳಗೆ ನಗು ಉಕ್ಕಿತು.

ಬೀಗದ ಕೈ ಅವರ ಮುಷ್ಟಿಯಲ್ಲೇ ಇತ್ತು. ಅದನ್ನು ಚೀಲಕ್ಕೆ ಹಾಕಿ, ಕರೆಗಂಟೆ ಒತ್ತಿ, ನಗು ನಿಲ್ಲುವವರೆಗೆ ಹೊರಗೇ ನಿಂತರು.