ಗುಡ್ಡ ಇಳಿಯುವುದಕ್ಕೆ ಮಾಡಿದ ಕಿತಾಪತಿ

ನಮ್ಮ ಮನೆಮಂದಿಯೆಲ್ಲ ವರ್ಷಕ್ಕೊಮ್ಮೆ ಗುಡ್ಡ ಹತ್ತುತ್ತಾರೆ. ಕೊಯ್ಲು ಮುಗಿದ ಮೇಲೆ ಬರುವ ಯಾವುದಾದರೂ ಒಂದು ಭಾನುವಾರ. ಗುಡ್ಡದ ಮೇಲೆ ದೇವರಿಲ್ಲ, ನಮಗೆ ಹರಕೆಯೂ ಇಲ್ಲ. ಸಾಲುಗುಡ್ಡದ ಮೂಡಣ ಬುಡದಲ್ಲಿ ನಮ್ಮ ಹೊಲ, ಹೊಲದ ಮನೆ. ಅದು ಶಿಕಾರಿಪುರ ತಾಲ್ಲೂಕು. ಪಡುವಣ ಬುಡದಲ್ಲಿ ನನ್ನ ನಾದಿನಿಯನ್ನು ಕೊಟ್ಟ ಮನೆ, ಅದು ಸೊರಬ. ರಸ್ತೆಯಲ್ಲಿ ಹೋದರೆ ಸುತ್ತಿ ಬಳಸಿ ಹೋಗಬೇಕು. ಅವಳ ಮದುವೆಯಾದ ಹೊಸದರಲ್ಲಿ ತಂಗಿಯನ್ನು ನೋಡಲು ನಮ್ಮ ಯಜಮಾನರು ನೆಟ್ಟಗೆ ಗುಡ್ಡ ದಾಟಿಯೇ ಹೋಗುತ್ತಿದ್ದರಂತೆ. ಅದೇ ಮುಂದೆ ಪದ್ಧತಿಯಾಯಿತು. ಈಗ ಅವರಿಲ್ಲ, ಪದ್ಧತಿ ಇದೆ.

ಪದ್ಧತಿಗೆ ಒಂದು ಕಾನೂನೂ ಇದೆ. ಹತ್ತುವ ಕಡೆಯವರದು ತಿಂಡಿ, ಇಳಿಯುವ ಕಡೆಯವರದು ಊಟ. ತಿಂಡಿಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಶೂ ಕಟ್ಟಿಕೊಳ್ಳುತ್ತಾ ತಿಂದು ಎದ್ದುಬಿಡುತ್ತಾರೆ. ಊಟದ ಮಾತು ಮಾತ್ರ ಮುಂದಿನ ಕೊಯ್ಲಿನವರೆಗೂ ನಡೆಯುತ್ತದೆ. ಆದ್ದರಿಂದ ಎರಡು ತಾಲ್ಲೂಕಿನವರಿಗೂ ಜನ ತಮ್ಮ ಕಡೆ ಇಳಿಯಬೇಕು. ಜಗಳ ಬೇಡವೆಂದು ಒಂದು ವರ್ಷ ಆ ಕಡೆ, ಒಂದು ವರ್ಷ ಈ ಕಡೆ ಎಂದು ಮಾಡಿಕೊಂಡಿದ್ದೇವೆ. ಈ ವರ್ಷದ ಇಳಿತ ಸೊರಬದ ಕಡೆಗೆ. ಅಂದರೆ ಊಟ ನಾದಿನಿಯದು.

ಅದನ್ನು ತಪ್ಪಿಸುವುದು ನನ್ನ ಪ್ಲಾನ್ ಆಗಿತ್ತು.

ಕಾರಣ ಹೇಳುತ್ತೇನೆ. ಹೋದ ವರ್ಷ ಹೊರಡುವ ಹೊತ್ತಿಗೆ ಬಾಯಿ ತಪ್ಪಿ ಸ್ವಲ್ಪ ಮಂಡಿ ನೋವು ಅಂದುಬಿಟ್ಟೆ. ಅಷ್ಟೇ. ಹೊಲದ ಮನೆಯ ಅಂಗಳದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟು, ಮೊಬೈಲಿಗೆ ಚಾರ್ಜ್ ಇದೆಯೇ ನೋಡಿ, ನನ್ನನ್ನು ಕೂರಿಸಿ ಎಲ್ಲರೂ ಸೊರಬದ ಕಡೆಯಿಂದ ಹತ್ತಲು ಹೋದರು. ಇಡೀ ದಿನ ಆ ಕುರ್ಚಿಯಲ್ಲಿ ಕೂತು ಗುಡ್ಡದ ಮೇಲೆ ಇರುವೆಗಳಂತೆ ಸಾಗುವ ನಮ್ಮವರನ್ನು ನೋಡಿದೆ. ಬಿದ್ದು ಕೈಕಾಲು ಮುರಿದುಕೊಂಡವರಿಗೆ ತೋರಿಸುವ ಕರುಣೆಯನ್ನು ಬೀಳದೆ ಇರುವವರಿಗೆ ತೋರಿಸಿದರೆ ಅದು ಟಾರ್ಚರ್. ಅವತ್ತಿನಿಂದ ನಮ್ಮ ಮನೆಯಲ್ಲಿ ಮಂಡಿ ಎಂದರೆ ಕುರ್ಚಿ ಎಂದು ನನಗೆ ತಿಳಿಯಿತು. ಆ ಶಬ್ದವನ್ನೇ ಬಿಟ್ಟೆ.

ಈ ವರ್ಷ ಶಿವಮೊಗ್ಗದ ಮೂಳೆ ಡಾಕ್ಟರ ಹತ್ತಿರ ಹೋಗಿದ್ದೆ. ಮನೆಯಲ್ಲಿ ಜನರಲ್ ಚೆಕಪ್ ಅಂತ ಹೇಳಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಮಾರಲ್ ಸೈನ್ಸ್ ಪಾಠದಲ್ಲಿ ಸುಳ್ಳಿಗೂ ಪೂರ್ತಿ ಹೇಳದ ಸತ್ಯಕ್ಕೂ ಇರುವ ವ್ಯತ್ಯಾಸವನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದ್ದರು. ನಾವು ಎರಡನೆಯದನ್ನು ಮಾಡಬಾರದೆಂದು ಅವರ ಉದ್ದೇಶ. ನನಗೆ ಆ ಪಾಠ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂದಿದೆ. ಡಾಕ್ಟರು ಎಕ್ಸ್‌ರೇ ನೋಡಿ ಎರಡೂ ಮಂಡಿ ಬದಲಾಯಿಸಬೇಕು ಎಂದರು. ಆಮೇಲೆ ಗುಡ್ಡ ಹತ್ತಬಹುದೇ ಎಂದು ಕೇಳಿದೆ. ಅವರು ನಕ್ಕು, ಆಮೇಲೆ ದೇವಸ್ಥಾನಕ್ಕೆ ಹೋದರೂ ಮೆಟ್ಟಿಲಿಲ್ಲದ್ದನ್ನೇ ನೋಡಿಕೊಳ್ಳಿ ಅಂದರು. ಹಾಗಾದರೆ ಅದಕ್ಕೆ ಮುಂಚೆ ಎಂದು ಕೇಳಿದೆ. ಹತ್ತುವುದಾದರೆ ಹತ್ತಿ ಅಮ್ಮಾ, ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗ ಅಂದರು.

ಅದು ನನಗೆ ಮೊದಲೇ ಗೊತ್ತಿತ್ತು. ಸೊರಬದ ಕಡೆ ಇಳಿತ ಗಿಡ್ಡ, ಆದರೆ ಗೋಡೆಯಂತೆ ಕಡಿದು. ನಮ್ಮ ಕಡೆ ಕುರಿಯವರು ಮಂದೆ ಹೊಡೆದುಕೊಂಡು ಹೋಗಿ ಬಂದು ಸವೆಸಿದ ದಾರಿ. ಉದ್ದ, ಹಾವಿನಂತೆ ಹೊರಳಾಡಿಕೊಂಡು ನಿಧಾನವಾಗಿ ಇಳಿಯುತ್ತದೆ. ನೆತ್ತಿಯ ಮೇಲೆ ಇನ್ನೊಂದೇ ಒಂದು ಸಲ ನಡೆಯಬೇಕಿದ್ದರೆ ಸೊರಬದಲ್ಲಿ ಹತ್ತಬೇಕು, ಶಿಕಾರಿಪುರದಲ್ಲಿ ಇಳಿಯಬೇಕು. ಅದನ್ನು ಮಂಡಿ ಎಂಬ ಶಬ್ದ ಬಳಸದೆ ಸಾಧಿಸಬೇಕು.

ದಾರಿ ಗೊತ್ತು ಮಾಡುವ ಮೀಟಿಂಗ್ ನಮ್ಮ ಹಾಲ್‌ನಲ್ಲಿ ಸೇರಿತು. ನಾದಿನಿಯ ಮಗಳು ಶಿಕಾರಿಪುರದ ಕಾಲೇಜಿನಲ್ಲಿ ಲೆಕ್ಚರರ್. ಅವಳು ಮೊಬೈಲಿನಲ್ಲಿ ಗುಡ್ಡವನ್ನು ಹಸಿರು, ಕೆಂಪು ಗೆರೆಗಳಾಗಿ ತೆರೆದು ತೋರಿಸಿದಳು. ನಮ್ಮ ಕಡೆಯಿಂದ ಹತ್ತುವುದು ಪೂರ್ತಿ ಹಸಿರಂತೆ, ಅತ್ತೆಗೆ ಈಸಿ ಆಗುತ್ತದಂತೆ. ಎಲ್ಲರೂ ನನ್ನ ಕಡೆ ತಿರುಗಿ ತಲೆ ಆಡಿಸಿದರು. ಆ ಕರುಣೆ ಮತ್ತೆ ಬಂತಲ್ಲ ಎಂದು ನನಗೆ ಗಾಬರಿ.

ನಾನು ಏನೂ ವಾದ ಮಾಡಲಿಲ್ಲ. ಬೆಳಗಿನ ಹೊತ್ತು ನಮ್ಮ ಕಡೆಯ ಬೋಳು ಇಳಿಜಾರಿನ ಮೇಲೆ ಬಿಸಿಲು ನೆಟ್ಟಗೆ ಬೀಳುತ್ತದಲ್ಲವೇ, ಫೋಟೋಗೆಂದು ತಿರುಗಿ ನಿಂತರೆ ಅದರಲ್ಲಿ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ಬರುತ್ತೇವಲ್ಲವೇ ಎಂದು ಅವಳನ್ನು ಮೆತ್ತಗೆ ಕೇಳಿದೆ. ಅವಳು ಯೋಚಿಸಿದಳು. ಬೆಳಿಗ್ಗೆ ನೆರಳು ಸೊರಬದ ಮಗ್ಗುಲಿಗೆ, ಮಧ್ಯಾಹ್ನ ಕಳೆದ ಮೇಲೆ ನೆರಳು ನಮ್ಮ ಮಗ್ಗುಲಿಗೆ ಎಂಬುದನ್ನು ತಾನೇ ಕಂಡುಹಿಡಿದಂತೆ ಎಲ್ಲರಿಗೂ ಹೇಳಿದಳು. ಒಂದು ಓಟು ಬಂತು.

ಇನ್ನು ಮೈದುನ. ಅವರು ಸರ್ವೇ ಇಲಾಖೆಯಲ್ಲಿದ್ದು ರಿಟೈರ್ ಆದವರು. ಅವರಿಗೆ ಗುಡ್ಡದ ಮೇಲೆ ಹೂವು, ಹಕ್ಕಿ, ಸೂರ್ಯ ಯಾವುದೂ ಕಾಣುವುದಿಲ್ಲ; ತಾಲ್ಲೂಕಿನ ಗಡಿ ಗುರುತಿಸಿ ನೆಟ್ಟ ಬಾಂದು ಕಲ್ಲುಗಳು ಮಾತ್ರ ಕಾಣುತ್ತವೆ. ಪ್ರತಿಯೊಂದರ ಮುಂದೆಯೂ ನಿಂತು ಅದರ ಜಾತಕ ಹೇಳುತ್ತಾರೆ. ಜನ ತಪ್ಪಿಸಿಕೊಳ್ಳಲು ಬೇಗ ಬೇಗ ನಡೆಯುತ್ತಾರೆ. ನಾನು ಈ ಸಲ ಕಲ್ಲುಗಳನ್ನೆಲ್ಲ ಸರಿಯಾಗಿ ನೋಡಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡಿದರೆ ಒಳ್ಳೆಯದು ಎಂದೆ. ಅಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಒಂದನೇ ನಂಬರ್ ಕಲ್ಲು ಸೊರಬದ ದಾರಿ ನೆತ್ತಿಗೆ ಸೇರೋ ಜಾಗದಲ್ಲೈತೆ, ಅತ್ತಿಗೆ. ನಕ್ಷೆನ ಯಾರಾದ್ರೂ ಬಾಲದಿಂದ ಓದ್ತಾರಾ?”

ಓದುವುದಿಲ್ಲ ಎಂದು ಒಪ್ಪಿಕೊಂಡೆ. ಎರಡನೇ ಓಟು. ಅಡುಗೆ ಮನೆಯಿಂದ ಓರಗಿತ್ತಿ, ಹಾಗಾದರೆ ಊಟ ನಮ್ಮದೇ ಆಯಿತಲ್ಲ ಎಂದು ಎಣಗಾಯಿಗೆ ಎಳೆ ಬದನೆಕಾಯಿ ಎಲ್ಲಿ ಸಿಗುತ್ತದೆಂದು ಆಗಲೇ ವಿಚಾರಿಸತೊಡಗಿದಳು. ಎಲ್ಲವೂ ಸ್ಮೂತ್ ಆಗಿ ನಡೆದಿತ್ತು, ನಾದಿನಿಯೊಬ್ಬಳನ್ನು ಬಿಟ್ಟು.

ಅವಳಿಂದ ಸರದಿ ಕಿತ್ತುಕೊಳ್ಳುವುದು ಸುಲಭವಲ್ಲ. ಎರಡು ವರ್ಷದ ಹಿಂದೆ ಅವಳ ಸರದಿಯಲ್ಲಿ ನಾವು ಹೇಳಿದ್ದಕ್ಕಿಂತ ಮುಂಚೆ ಇಳಿದು ಹೋಗಿ, ಕೊಟ್ಟೆ ಕಡುಬು ಇನ್ನೂ ಬೇಯುತ್ತಿದ್ದಾಗಲೇ ಬಡಿಸುವಂತಾಗಿತ್ತು. ಒಳಗೆ ಹಿಟ್ಟು ಹಾಗೇ ಇತ್ತು. ಮೈದುನ ಇವತ್ತಿಗೂ ಅರೆಬೆಂದ ಏನನ್ನು ನೋಡಿದರೂ ತಂಗಿಯ ಮನೆ ಕಡುಬು ನೆನೆಯುತ್ತಾರೆ. ಆ ಮಾತನ್ನು ತೊಳೆದುಕೊಳ್ಳಲು ಅವಳು ಎರಡು ವರ್ಷ ಕಾದಿದ್ದಾಳೆ. ನಾನು ಫೋನ್ ಮಾಡಿ ಸಕ್ಕರೆಯಂಥ ದನಿಯಲ್ಲಿ ಹೇಳಿದೆ: ಕಡುಬು ನಿಜವಾಗಿ ಬೆಳಗಿನ ಐಟಂ, ಚುಮುಚುಮು ಚಳಿಯಲ್ಲಿ ಹಬೆಯಾಡುವಾಗ ತಿನ್ನಬೇಕು, ಮಧ್ಯಾಹ್ನ ಬೆವರು ಸುರಿಸಿಕೊಂಡು ಬಂದವರಿಗೆ ಅದರ ಬೆಲೆ ಗೊತ್ತಾಗುವುದಿಲ್ಲ, ಆದ್ದರಿಂದ ಅವಳ ಒಳ್ಳೆಯದಕ್ಕೇ ಈ ಸಲ ಸೊರಬದಿಂದ ಹತ್ತುವುದೆಂದು ಎಲ್ಲರೂ ಬಯಸಿದ್ದಾರೆ. ಫೋಟೋ, ನೆರಳು, ಒಂದನೇ ನಂಬರ್ ಕಲ್ಲು, ಎಲ್ಲವನ್ನೂ ಸೇರಿಸಿದೆ.

ಆ ಕಡೆ ಅವಳು ಒಲೆ ಸಣ್ಣ ಮಾಡಿದ್ದು ಕೇಳಿಸಿತು.

“ಅತ್ತಿಗೆ, ಈ ಮಾತು ನೀವು ಆಡ್ತಿದೀರೋ, ನಿಮ್ಮ ಮಂಡಿ ಆಡ್ತೈತೋ?”

ನಾನು ಇಂಗ್ಲಿಷಿಗೆ ಹಾರಿದೆ. ಡೋಂಟ್ ಬಿ ಸಿಲ್ಲಿ ಅಂದೆ. ಸಿಕ್ಕಿಬಿದ್ದಾಗ ನಾನು ಇಂಗ್ಲಿಷಿಗೆ ಹೋಗುತ್ತೇನೆಂದು ಅವಳಿಗೆ ನನ್ನ ಮದುವೆಯ ವರ್ಷದಿಂದ ಗೊತ್ತು.

“ನಮ್ಮ ಕಡೆ ಇಳಿಯೋವಾಗ ಒಂದು ಗಿಡ ಬಿಟ್ಟಿರಲಿಲ್ಲ ನೀವು ಹಿಡ್ಕೊಳ್ದೆ,” ಅಂದಳು. “ಕೆಳಗೆ ಬಂದು ಅಂಗೈ ತುಂಬ ಮುಳ್ಳು ಇಟ್ಕೊಂಡು ಸೀನರಿ ಚೆನ್ನಾಗಿತ್ತು ಅಂದ್ರಿ.”

ಮೈದುನನಿಗೆ ಹೇಳಬೇಡ ಎಂದು ಬೇಡಿಕೊಂಡೆ. ಅವಳು ಭಾನುವಾರ ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ ಎಂದು ಫೋನ್ ಇಟ್ಟಳು.

ಭಾನುವಾರ ಬೆಳಿಗ್ಗೆ ಸೊರಬದ ಕಡೆ ಮಂಜು ಇನ್ನೂ ಗದ್ದೆಯ ಕೂಳೆಯ ಮೇಲೆ ಕೂತಿತ್ತು. ನಾದಿನಿ ಎಲ್ಲರನ್ನೂ ಸಾಲಾಗಿ ಕೂರಿಸಿ ಕೊಟ್ಟೆ ಕಡುಬು ಬಡಿಸಿದಳು. ಹಲಸಿನೆಲೆ ಬಿಚ್ಚಿದರೆ ಹಬೆ, ಒಳಗೆ ಮಲ್ಲಿಗೆಯ ಹಾಗೆ ಬೆಂದಿತ್ತು. ತುಪ್ಪ, ಕಾಯಿ ಚಟ್ನಿ, ಮೇಲೆ ಜೋನಿಬೆಲ್ಲ. ಬೇಡ ಅಂದವರಿಗೆ ಎರಡು ಹಾಕಿದಳು. ಮೈದುನನ ಎಲೆ ಖಾಲಿಯಾಗುವುದಕ್ಕೇ ಬಿಡಲಿಲ್ಲ. ಒಳಗೆ ಹಿಟ್ಟಿದೆಯಾ ನೋಡು ಅಣ್ಣಾ, ಇದರಲ್ಲಿ ನೋಡು, ಇದರಲ್ಲೂ ನೋಡು ಎಂದು ಹಾಕುತ್ತಲೇ ಹೋದಳು. ಊಟದ ಸರದಿ ಬಿಟ್ಟುಕೊಟ್ಟವಳು ಯಾರಿಗೂ ಊಟ ಸೇರದ ಹಾಗೆ ನೋಡಿಕೊಳ್ಳುತ್ತಿದ್ದಳು. ನನ್ನ ಎಲೆಗೆ ಮಾತ್ರ ಒಂದೇ ಒಂದು ಬಡಿಸಿ, ಮೈ ಹಗುರವಿರಲಿ ಎಂದು ಕಿವಿಯಲ್ಲಿ ಹೇಳಿ ಮುಂದೆ ಹೋದಳು.

ಹತ್ತುವಾಗ ನಾನೇ ಮುಂದಿದ್ದೆ. ಹೆಮ್ಮೆಯಿಂದ ಹೇಳುತ್ತಿಲ್ಲ; ಉಳಿದವರ ಹೊಟ್ಟೆಯಲ್ಲಿ ಏನಿತ್ತೆಂದು ಈಗಷ್ಟೇ ಹೇಳಿದೆನಲ್ಲ. ಮೈದುನ ಪ್ರತಿ ತಿರುವಿನಲ್ಲೂ ನಿಂತು, ಭೂಮಿಯ ಏರಿಳಿತ ಗಮನಿಸುವವರಂತೆ ಏದುಸಿರು ಬಿಡುತ್ತಿದ್ದರು. ಕೈ ಊರಿ, ಕಲ್ಲು ಹಿಡಿದು, ಸೀರೆ ಮೇಲಕ್ಕೆ ಸಿಕ್ಕಿಸಿ ಹತ್ತಿದೆ. ಡಿಗ್ನಿಟಿ ಬುಡದಲ್ಲೇ ಉಳಿಯಿತು, ಆದರೆ ಮಂಡಿ ಏನೂ ತಕರಾರು ಮಾಡಲಿಲ್ಲ.

ನೆತ್ತಿಯ ಮೇಲೆ ಒಣಹುಲ್ಲು ಮೊಣಕಾಲವರೆಗೆ ಬೆಳೆದಿತ್ತು. ಗಾಳಿ ಅದನ್ನು ಒಮ್ಮೆ ಸೊರಬದ ಕಡೆ, ಒಮ್ಮೆ ಶಿಕಾರಿಪುರದ ಕಡೆ ಬಾಗಿಸುತ್ತಿತ್ತು. ದೂರದಲ್ಲಿ ಅಂಜನಾಪುರ ಡ್ಯಾಮಿನ ನೀರು ತಟ್ಟೆಯ ಅಂಚಿನಂತೆ ಮಿನುಗುತ್ತಿತ್ತು. ಮೈದುನ ಒಂದನೇ ನಂಬರ್ ಕಲ್ಲಿನ ಮುಂದೆ ನಿಂತು ಶುರು ಮಾಡಿದರು. ನಾನು ಕೊಟ್ಟ ಮಾತಿನಂತೆ ಒಂದನ್ನೂ ಬಿಡದೆ ಕೇಳಿದೆ. ಕಲ್ಲಿನ ಬಗ್ಗೆ ಏನು ಹೇಳಿದರೆಂದು ನೆನಪಿಲ್ಲ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ನಡೆಯುವಾಗ ಕಾಲಡಿ ಹುಲ್ಲು ಚರಚರ ಎನ್ನುವುದನ್ನು ಕೇಳುತ್ತಿದ್ದೆ. ಯಜಮಾನರು ಇಲ್ಲಿಗೆ ಬಂದರೆ ನನ್ನ ಕೈ ಹಿಡಿಯುತ್ತಿರಲಿಲ್ಲ. ತಂಗಿ, ತಮ್ಮ ಎಲ್ಲ ಇದ್ದಾರೆಂದು ನಾಚಿಕೆ. ಬದಲಿಗೆ ನನ್ನ ಕೊಡೆ ಹಿಡಿದುಕೊಳ್ಳುತ್ತಿದ್ದರು, ಬಿಸಿಲಿಲ್ಲದಿದ್ದರೂ. ಆನೆಸ್ಟ್ಲಿ, ನನಗೆ ಆ ನೆತ್ತಿ ಮುಗಿಯಬಾರದಿತ್ತು. ಕೊನೆಯ ಕಲ್ಲಿನ ಹತ್ತಿರ ಇನ್ನೊಂದು ಪ್ರಶ್ನೆ ಕೇಳಿ ಮೈದುನನನ್ನು ಮತ್ತೆ ಹಿಂದಿನ ಕಲ್ಲಿಗೆ ಕರೆದುಕೊಂಡು ಹೋದೆ. ಅವರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಾದಿನಿಯ ಮಗಳು ಇಬ್ಬರನ್ನೂ ಒಮ್ಮೆ ನೋಡಿ ಮೊಬೈಲ್ ಒಳಗಿಟ್ಟು ಹುಲ್ಲಿನ ಮೇಲೆ ಮಲಗಿಬಿಟ್ಟಳು.

ಆಮೇಲೆ ಇಳಿತ. ಕುರಿ ದಾರಿ ನಾನು ಲೆಕ್ಕ ಹಾಕಿದಂತೆಯೇ ಮೆತ್ತಗಿತ್ತು, ನೆರಳೂ ಬಂದಿತ್ತು. ಮಂಡಿಗೆ ಮಾತ್ರ ನನ್ನ ಲೆಕ್ಕ ಗೊತ್ತಿರಲಿಲ್ಲ. ಮೊದಲ ತಿರುವಿನಲ್ಲೇ ಒಳಗೆ ಯಾರೋ ಮರಳು ಅರೆಯುತ್ತಿರುವಂತೆ ಶುರುವಾಯಿತು. ಮೈದುನನೂ ನಾದಿನಿಯ ಮಗಳೂ ಮಾತಾಡುತ್ತಾ ಮುಂದೆ ಹೋದರು. ನಾನು ಅಲ್ಲಲ್ಲಿ ನಿಂತು ಸೀನರಿ ನೋಡಿದೆ. ಹಿಂದೆ ಬರುತ್ತಿದ್ದ ನಾದಿನಿಯೂ ನಿಂತು ನಾನು ನೋಡಿದ್ದನ್ನೇ ನೋಡಿದಳು. ಅಲ್ಲಿ ಕೊಯ್ದ ಮೆಕ್ಕೆಜೋಳದ ಹೊಲ ಬಿಟ್ಟರೆ ಏನೂ ಇರಲಿಲ್ಲ.

“ಆಪರೇಷನ್ ಯಾವಾಗಂತೆ?” ಅಂದಳು, ಹೊಲವನ್ನೇ ನೋಡುತ್ತಾ.

ಸಂಕ್ರಾಂತಿ ಕಳೆಯಲಿ ಅಂದಿದ್ದಾರೆ ಎಂದೆ. ಯಾರಿಗೂ ಹೇಳದ ಮಾತು ಅಷ್ಟು ಸಲೀಸಾಗಿ ಹೇಗೆ ಹೊರಬಂತೋ ಗೊತ್ತಿಲ್ಲ. ಎರಡೂ ಮಂಡಿಯಾ ಎಂದು ಕೇಳಿದಳು. ಎರಡೂ ಅಂದೆ. ಅವಳು ಸೆರಗು ಸೊಂಟಕ್ಕೆ ಬಿಗಿದು, ನನ್ನನ್ನು ದಾಟಿ ಮುಂದೆ ಬಂದು, ಸರಿಯಾಗಿ ನನ್ನ ಎದುರಿಗೆ ದಾರಿ ತುಂಬ ನಿಂತಳು. ಅವಳು ಸಣ್ಣಗಿನ ಹೆಂಗಸಲ್ಲ.

“ಬಿದ್ರೆ ನನ್ನ ಮ್ಯಾಲೆ ಬೀಳಿ, ಅತ್ತಿಗೆ. ಕಲ್ಲಿಗಿಂತ ಮೆತ್ತಗಿದೀನಿ.”

ಹಾಗೇ ಹೊಲದ ಮನೆಯವರೆಗೂ ಇಳಿದೆವು, ಅವಳ ಬೆನ್ನು ನನ್ನ ಮುಂದೆ, ನನ್ನ ಕೈ ಅವಳ ಹೆಗಲ ಮೇಲೆ. ನಾನು ಬೀಳಲಿಲ್ಲ. ಬೀಳದಿದ್ದರೂ ಎರಡು ಸಲ ಅಯ್ಯೋ ಅಂದೆ, ಅವಳು ಎಷ್ಟು ಬೇಗ ತಿರುಗುತ್ತಾಳೆ ನೋಡೋಣವೆಂದು. ಎರಡು ಸಲವೂ ಅಷ್ಟು ದಪ್ಪ ಹೆಂಗಸು ಬುಗುರಿಯ ಹಾಗೆ ತಿರುಗಿದಳು. ಮೂರನೇ ಸಲ ಅಂದಾಗ ತಿರುಗಲಿಲ್ಲ. ಹೆಗಲ ಮೇಲಿದ್ದ ನನ್ನ ಕೈಯನ್ನು ಒಮ್ಮೆ ಚಿವುಟಿ, ನಡಿಗೆ ಇನ್ನಷ್ಟು ನಿಧಾನ ಮಾಡಿದಳು.